ಹೊಟ್ಟೆ ಹೊರಗಿಟ್ಟು ಉಣ್ಣುವವರ ಕುರಿತು

ಕಾಪುವಿನ ಓದುಗರೊಬ್ಬರಿಗೆ ನಮ್ಮ ಮೇಲೆ ಸಿಟ್ಟು ಬಂದಿದೆ. ನಕ್ಷತ್ರಮೀನು ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಗೆ ಹಾಕಿ, ಚಿಪ್ಪಿಯ ಮಾಂಸ ಕರಗಿಸಿ ತಿನ್ನುತ್ತದೆ ಎಂದು ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಬರೆದಿದ್ದೆವು. ಅವರ ಏಳು ವರ್ಷದ ಮಗಳು ಎರಡು ದಿನ ಬಟ್ಟಲ ಮುಂದೆ ಕೂತು ಅದೇ ಮಾತಂತೆ. "ಇಂಥ ಅಸಹ್ಯ ಮಕ್ಕಳಿಗೆ ಯಾಕೆ? ಐದು ಕೈಯ ಚಂದದ ಜೀವಿ ಎಂದು ಬರೆದು, ಬಣ್ಣ ಹಚ್ಚಲು ಒಂದು ಚಿತ್ರ ಕೊಟ್ಟಿದ್ದರೆ ಸಾಲದೆ?" ಎಂದು ಕೇಳಿದ್ದಾರೆ.

ತಾಯಿ, ಊಟದ ಹೊತ್ತಿಗೆ ಕೆಲವು ಮಾತು ಬೇಡ, ಒಪ್ಪಿದೆ. ಉಂಡಾದ ಮೇಲೆ ಓದಿ ಎಂದು ಪುಟದ ತಲೆಗೆ ಒಂದು ಸಾಲು ಹಾಕಬಹುದಿತ್ತು. ನಿಮ್ಮ ಪರವಾಗಿ ನನ್ನಲ್ಲಿರುವುದು ಇಷ್ಟೇ.

ಮರುವಾಯಿ ಸುಕ್ಕ ಮಾಡುವ ಊರಿನವರು ನೀವು. ಚಿಪ್ಪಿ ಬಾಯಿ ಬಿಡಲು ನಮಗೆ ಕುದಿನೀರು ಬೇಕು, ಇಲ್ಲವೆ ಮೆಟ್ಟುಕತ್ತಿ. ಬೆಂಕಿಯಿಲ್ಲದ, ಹಲ್ಲಿಲ್ಲದ, ಮಿದುಳೂ ಇಲ್ಲದ ಜೀವಿ ಏನು ಮಾಡಬೇಕು? ಅದರ ಕೈಗಳ ಅಡಿಯಲ್ಲಿ ನೂರಾರು ಕೊಳವೆಗಾಲುಗಳಿವೆ. ಬೆನ್ನ ಮೇಲೆ ಜರಡಿಯಂಥ ಒಂದು ಬಿಲ್ಲೆ. ಅದರ ಮೂಲಕ ಒಳಬಂದ ಕಡಲ ನೀರು ನಾಳಗಳಲ್ಲಿ ಹರಿದು ಆ ಕಾಲುಗಳನ್ನು ಉಬ್ಬಿಸಿ ಚಾಚುತ್ತದೆ. ಚಿಪ್ಪಿನ ಎರಡೂ ಹೋಳಿಗೆ ಕಾಲು ಅಂಟಿಸಿ ಎಳೆಯುತ್ತ ಕೂತರೆ, ಬಾಗಿಲು ಬಿಗಿಹಿಡಿದವನಿಗೇ ಮೊದಲು ಸುಸ್ತು. ಮಿಲಿಮೀಟರಿನ ಹತ್ತನೇ ಒಂದು ಪಾಲು ಸಂದಿ ಸಿಕ್ಕರೂ ಸಾಕು, ಹೊಟ್ಟೆ ಒಳಗೆ ನುಸುಳಿತು. ಚಿಪ್ಪಿಯ ಮನೆಯಲ್ಲೇ ಅಡುಗೆ, ಅಲ್ಲೇ ಊಟ. ಪಾತ್ರೆ ತೊಳೆಯುವ ಕೆಲಸವೂ ಇಲ್ಲ. ಇದರಲ್ಲಿ ಅಸಹ್ಯ ಎಲ್ಲಿದೆ ಮಾರಾಯ್ರೆ?

ಮಲ್ಪೆಯಲ್ಲಿ ಚಿಕ್ಕವನಿದ್ದಾಗ ದಡಕ್ಕೆ ಕೈರಂಪಣಿ ಬಲೆ ಎಳೆಯುವವರ ಹಿಂದೆ ಓಡುತ್ತಿದ್ದೆ. ಬೂತಾಯಿ, ಬಂಗುಡೆ ಬುಟ್ಟಿಗೆ, ಉಳಿದ ಕಸ ಮರಳಿಗೆ. ಒಂದು ದಿನ ಆ ಕಸದಲ್ಲಿ ಬೂದುಬಣ್ಣದ, ಅಂಚಿಗೆಲ್ಲ ಬಾಚಣಿಗೆ ಹಲ್ಲಿನಂಥ ಮುಳ್ಳಿದ್ದ ನಕ್ಷತ್ರ ಸಿಕ್ಕಿತು. ಬಕೆಟಿನ ನೀರಿನಲ್ಲಿ ಅಂಗಾತ ಹಾಕಿದೆ. ಕೈಗಳ ತುದಿ ಬಗ್ಗಿಸಿ, ಮೈಯೆತ್ತಿ, ಒಂದು ಕಡೆಗೆ ವಾಲಿ ಮಗುಚಿತು. ಮತ್ತೆ ಅಂಗಾತ ಹಾಕಿದೆ, ಮತ್ತೆ ಮಗುಚಿತು. ಕತ್ತಲಾಗುವವರೆಗೆ ಇದೇ ಆಟ. ಮರುದಿನ ಸತ್ತು ನಾರುತ್ತಿತ್ತು. ಬಕೆಟು ಅಮ್ಮನದು, ಪೆಟ್ಟು ತಿಂದ ಬೆನ್ನು ನನ್ನದು.

ಅದು ಆಸ್ಟ್ರೊಪೆಕ್ಟೆನ್ ಕುಲದ್ದೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಮರಳಲ್ಲಿ ಹೂತುಕೊಂಡು ಬಾಳುವ ಈ ಜಾತಿಯ ಕಾಲುಗಳ ತುದಿ ಚೂಪು, ಅಂಟುಬಿಲ್ಲೆ ಇಲ್ಲ. ಹೊಟ್ಟೆ ಹೊರಗೆ ಹಾಕುವ ಕ್ರಮವೂ ಇವಕ್ಕಿಲ್ಲ. ಸಣ್ಣ ಚಿಪ್ಪಿಗಳನ್ನು ಇಡಿಯಾಗಿ ನುಂಗಿ ಜೀರ್ಣಿಸಿ, ಗುದದ್ವಾರವೇ ಇಲ್ಲದ್ದರಿಂದ, ಖಾಲಿ ಚಿಪ್ಪನ್ನು ಬಾಯಿಂದಲೇ ಉಗಿಯುತ್ತವೆ. ಇದನ್ನು ಮಗಳಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಎಲ್ಲ ನಕ್ಷತ್ರಮೀನುಗಳೂ ಹೊಟ್ಟೆ ಹೊರಗಿಟ್ಟೇ ಉಣ್ಣುತ್ತವೆ ಎಂಬಂತೆ ನಾವು ಬರೆದದ್ದು ನಿಜಕ್ಕೂ ತಪ್ಪು. ಆ ತಪ್ಪಿಗೆ ಒಬ್ಬರೂ ಪತ್ರ ಬರೆಯಲಿಲ್ಲ!

ಬಣ್ಣ ಹಚ್ಚುವ ಚಿತ್ರ ಎಂದಿರಲ್ಲ. 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ರಾಬರ್ಟ್ ಪೇನ್ ಎಂಬ ವಿಜ್ಞಾನಿ ಬಂಡೆಯ ಒಂದು ಭಾಗದಿಂದ ನಕ್ಷತ್ರಮೀನುಗಳನ್ನೆಲ್ಲ ಕಿತ್ತು ಕಿತ್ತು ಕಡಲಿಗೆ ಎಸೆಯಲು ಶುರುಮಾಡಿದರು. ತಿನ್ನುವವರಿಲ್ಲದೆ ನಮ್ಮ ಪಚ್ಚಿಲೆಯ ಬಳಗದ ಚಿಪ್ಪಿಗಳು ಬಂಡೆಯನ್ನೆಲ್ಲ ಒತ್ತುವರಿ ಮಾಡಿದವು. 15 ಬಗೆಯ ಜೀವಿಗಳಿದ್ದಲ್ಲಿ ಉಳಿದದ್ದು 8. ನೀವು ಅಸಹ್ಯ ಎಂದ ಆ ಊಟವೇ ಉಳಿದವರಿಗೆಲ್ಲ ಕಾಲೂರಲು ಜಾಗ ಬಿಡಿಸಿಕೊಟ್ಟಿತ್ತು. ಕ್ರೇಯಾನ್ ಹಿಡಿದು ಗೆರೆಯೊಳಗೆ ಬಣ್ಣ ತುಂಬಿದರೆ ಇದು ಗೊತ್ತಾಗುತ್ತದೆಯೆ?

ಪುತ್ತೂರಿನಲ್ಲಿ ಕೂತು ಕಾರಂತರು ಮಕ್ಕಳಿಗೆಂದು ಸಂಪುಟಗಟ್ಟಲೆ ಬರೆದ ಸೀಮೆ ಇದು. ಈಗ ನಮ್ಮ ಕಚೇರಿಗೆ ಬರುವ ಮಕ್ಕಳ ಬರಹಗಳಲ್ಲಿ ಅಳಿಲು "ಹಲೋ" ಅನ್ನುತ್ತದೆ, ಆಮೆ ಪರಿಸರ ಉಳಿಸಿ ಎಂದು ಭಾಷಣ ಬಿಗಿಯುತ್ತದೆ. ಯಾವ ಪ್ರಾಣಿಯೂ ಇನ್ನೊಂದನ್ನು ತಿನ್ನುವುದಿಲ್ಲ. ಎಲ್ಲರೂ ಉಪವಾಸ! ಶಾಲೆಯ ಪ್ರವಾಸ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುತ್ತದೆ. ಕಂಬಗಲ್ಲುಗಳ ಮುಂದೆ ಗ್ರೂಪ್ ಫೋಟೋ, ಒಂದು ಐಸ್‌ಕ್ಯಾಂಡಿ, ಮತ್ತೆ ದೋಣಿ. ಬಂಡೆ ಸಂದಿಯ ನೀರಿಗೆ ಬಗ್ಗಿ ನೋಡಿದವನಿಗೆ ಮೇಷ್ಟ್ರ ಸೀಟಿ. ವಾರ್ಷಿಕೋತ್ಸವದ ಥರ್ಮಾಕೋಲ್ ನಕ್ಷತ್ರಮೀನಿಗೆ ನಡುವೆ ಎರಡು ಕಣ್ಣು, ಒಂದು ನಗು. ಅದರ ಕಣ್ಣು ಇರುವುದು ಕೈಯ ತುದಿಯಲ್ಲಿ ಸ್ವಾಮಿ, ಕೈಗೊಂದರಂತೆ, ಚುಕ್ಕೆಯಷ್ಟು. ಬಾಯಿ ಇರುವುದು ಅಡಿಯಲ್ಲಿ.

ಅಂದ ಹಾಗೆ, ನಿಮ್ಮ ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಸಾಲಿದೆ. ನೀವು ನೋಡಿರಲಿಕ್ಕಿಲ್ಲ. "ಹೊಟ್ಟೆ ವಾಪಸು ಒಳಗೆ ಹೇಗೆ ಹೋಗ್ತದೆ?"

ಪುಟ್ಟಿ, ಬಾವಿಗಿಳಿದ ಕೊಡಪಾನಕ್ಕೆ ಹಗ್ಗ ಇರುತ್ತದಲ್ಲ, ಹಾಗೆ ಅದರ ಹೊಟ್ಟೆಗೂ ಒಳಗಿನಿಂದ ಕಟ್ಟಿದ ಸ್ನಾಯುಗಳಿವೆ. ಊಟ ಮುಗಿದ ಮೇಲೆ ಅವು ಮೆಲ್ಲಗೆ ಎಳೆದುಕೊಳ್ಳುತ್ತವೆ. ದೊಡ್ಡ ಚಿಪ್ಪಿಯಾದರೆ ಊಟಕ್ಕೇ ಹಲವು ಗಂಟೆ ಬೇಕು. ಅಲ್ಲಿಯವರೆಗೆ ಅದಕ್ಕೆ "ಬೇಗ ಉಣ್ಣು" ಎನ್ನುವವರು ಯಾರೂ ಇಲ್ಲ.