ರಿಪೋರ್ಟ್‌ನಲ್ಲಿ 47 ಅಂತ ಬಂದಾಗ

ಮಗುವಾಗಿಲ್ಲವೆಂದು ಸಲಹೆ ಕೇಳಲು ನನ್ನ ಬಳಿ ಬಂದ ದಂಪತಿ. ಗಂಡನಿಗೆ ಮೂವತ್ನಾಲ್ಕು, ಹೆಂಡತಿಗೆ ಮೂವತ್ತು. ಮದುವೆಯಾಗಿ ಐದು ವರ್ಷ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ನಾಲ್ಕು ವರ್ಷ ಎಲ್ಲ ಪರೀಕ್ಷೆಗಳೂ ಹೆಂಡತಿಗೇ ನಡೆದವು. ಗಂಡನ ವೀರ್ಯ ಪರೀಕ್ಷೆ ಮಾಡಿಸಿದ್ದು ತೀರಾ ಕೊನೆಗೆ. ಇದು ನನಗೆ ಪ್ರತಿ ಸಲವೂ ಬೇಸರ ತರಿಸುತ್ತದೆ. ಅಷ್ಟು ಸುಲಭದ ಪರೀಕ್ಷೆ ಮೊದಲೇ ಆಗಬೇಕಿತ್ತು. ವೀರ್ಯದಲ್ಲಿ ಒಂದೂ ವೀರ್ಯಾಣು ಕಾಣಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ಎಳೆಗಳು, 46 ಇರಬೇಕಾದಲ್ಲಿ 47 ಇದ್ದವು. ಎಕ್ಸ್ ಅನ್ನೋ ಕ್ರೋಮೋಸೋಮ್ ಒಂದು ಜಾಸ್ತಿ. ಇದಕ್ಕೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಅನ್ನುತ್ತಾರೆ.

ಹೆಂಡತಿ ಫೋನ್ ಬಂತೆಂದು ಹೊರಗೆ ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು. "ಎಕ್ಸ್ ಅಂದ್ರೆ ಹೆಣ್ಣಿಂದು ಅಲ್ವಾ ಮೇಡಂ? ಹಾಗಾದ್ರೆ ನಾನು ಅರ್ಧ ಹೆಣ್ಣಾ?"

ಬಂದಿದ್ದು ಮಗುವಿನ ವಿಷಯಕ್ಕೆ, ಒಳಗೆ ಕೊರೆಯುತ್ತಿದ್ದದ್ದು ಇದು. "ಇಲ್ಲ" ಅಂದೆ. "ಎಲ್ಲ ಗಂಡಸರಲ್ಲೂ ಒಂದು ಎಕ್ಸ್ ಇರುತ್ತೆ, ಅದು ಅಮ್ಮನಿಂದ ಬಂದಿದ್ದು. ವೃಷಣ ರೂಪುಗೊಳ್ಳೋಕೆ ದಾರಿ ಹಾಕೋದು ವೈ ಅನ್ನೋ ಕ್ರೋಮೋಸೋಮ್. ಅದು ನಿಮ್ಮಲ್ಲಿದೆ. ನೀವು ಗಂಡಸೇ. ಆ ಹೆಚ್ಚುವರಿ ಎಕ್ಸ್‌ನಿಂದ ವೃಷಣ ಪೂರ್ತಿ ಬೆಳೆಯೋದಿಲ್ಲ. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಕಡಿಮೆ ಆಗುತ್ತೆ, ವೀರ್ಯಾಣು ತಯಾರಾಗೋದು ಕುಂಠಿತವಾಗುತ್ತೆ."

ಆಮೇಲೆ ಮಾತು ತಾನಾಗೇ ಬಂತು. ಚಿಕ್ಕವರಿದ್ದಾಗ ಮಾತು ಬಂದಿದ್ದು ತಡ. ಓದು ಕಷ್ಟ. ಹದಿನಾಲ್ಕರಲ್ಲಿ ಎದೆ ಉಬ್ಬಿತು, ಹುಡುಗರು ಗೇಲಿ ಮಾಡಿದರು. ಅಂದಿನಿಂದ ಯಾರ ಮುಂದೆಯೂ ಅಂಗಿ ಬಿಚ್ಚಿಲ್ಲವಂತೆ. ಇವೆಲ್ಲ ಈ ಸ್ಥಿತಿಯಲ್ಲಿ ಕಾಣಿಸಿಕೊಳ್ಳಬಹುದಾದ ಲಕ್ಷಣಗಳೇ ಎಂದಾಗ ಅವರ ಕಣ್ಣು ತುಂಬಿತು. ಇಪ್ಪತ್ತು ವರ್ಷ ಅದನ್ನು ತನ್ನದೇ ತಪ್ಪು ಅಂದುಕೊಂಡಿದ್ದರು.

ಹೆಂಡತಿ ಬಂದು ಕೇಳಿದ್ದು ಬೇರೆ. "ಇದು ಇವರಿಗೆ ಯಾರ ಕಡೆಯಿಂದ ಬಂತು?" ಯಾರ ಕಡೆಯಿಂದ ಬಂದರೂ ಯಾರ ತಪ್ಪೂ ಅಲ್ಲ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಕ್ರೋಮೋಸೋಮ್ ಜೋಡಿ ಸರಿಯಾಗಿ ಬೇರೆಯಾಗದೆ ಹೀಗಾಗುತ್ತದೆ, ಸುಮ್ನೆ ಆಕಸ್ಮಿಕ. 500ರಿಂದ 1000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದಿರುತ್ತದೆ. ಎಷ್ಟೋ ಜನರಿಗೆ ಜೀವನಪೂರ್ತಿ ಗೊತ್ತೇ ಆಗೋದಿಲ್ಲ.

ಒಂದು ವಿಷಯ ಮಾತ್ರ ಎರಡೆರಡು ಸಲ ಹೇಳಿದೆ. ಅವರಿಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬರೆದುಕೊಟ್ಟಿದ್ದರು, ಮುಂದಿನ ವಾರ ಶುರು. "ಅದಕ್ಕೆ ಮುಂಚೆ, ನಮಗೆ ಮಗು ಬೇಕು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ." ಹೊರಗಿನಿಂದ ಕೊಟ್ಟ ಹಾರ್ಮೋನ್, ಅಲ್ಲೊಂದು ಇಲ್ಲೊಂದು ತಯಾರಾಗುವ ವೀರ್ಯಾಣುವನ್ನೂ ನಿಲ್ಲಿಸಿಬಿಡಬಹುದು. ಮೈಕ್ರೋಸ್ಕೋಪ್ ಇಟ್ಟುಕೊಂಡು ವೃಷಣದೊಳಗೇ ವೀರ್ಯಾಣು ಹುಡುಕುವ ಶಸ್ತ್ರಚಿಕಿತ್ಸೆ ಇದೆ. ಇಂಥವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಸಿಗುತ್ತದೆ. ಸಿಕ್ಕರೆ ಅದನ್ನು ಲ್ಯಾಬ್‌ನಲ್ಲಿ ಅಂಡದೊಳಗೆ ಸೇರಿಸುತ್ತಾರೆ. ಗ್ಯಾರಂಟಿ ಇಲ್ಲ, ಅದನ್ನೂ ಮುಚ್ಚಿಡಲಿಲ್ಲ. ಸಿಗದಿದ್ದರೆ ದಾನಿಯ ವೀರ್ಯ, ದತ್ತು, ಇಲ್ಲವೇ ಇಬ್ಬರೇ ಇರೋದು. ಅದನ್ನು ಇವತ್ತೇ ತೀರ್ಮಾನ ಮಾಡಬೇಕಿಲ್ಲ.

ಹಾಗಂತ ಇಂಜೆಕ್ಷನ್ ಬೇಡವೇ ಬೇಡ ಅಂದಲ್ಲ. ಮೂಳೆ, ಸ್ನಾಯು, ಉತ್ಸಾಹಕ್ಕೆ ಆಮೇಲೆ ಅದು ಬೇಕಾಗಬಹುದು. ಮೂಳೆಯ ಗಟ್ಟಿತನ, ಸಕ್ಕರೆ ಆಗಾಗ ನೋಡಿಸಿ ಅಂದೆ. ಎದೆಯಲ್ಲಿ ಗಂಟು ಕಂಡರೆ ನಾಚಿಕೆಪಟ್ಟುಕೊಂಡು ಕೂರಬೇಡಿ ಅಂತಲೂ ಹೇಳಿದೆ. ಮನೆಯವರಿಗೆ ಯಾವಾಗ, ಎಷ್ಟು ಹೇಳಬೇಕು ಅನ್ನೋದು ಅವರಿಬ್ಬರಿಗೇ ಬಿಟ್ಟಿದ್ದು. ಆದರೆ ದೋಷ ಹೆಂಡತಿಯದ್ದು ಅನ್ನೋ ಮಾತು ಮನೆಯಲ್ಲಿ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಬೇಕಾದವರು ನೀವೇ ಎಂದು ಗಂಡನಿಗೆ ನೇರವಾಗಿ ಹೇಳಿದೆ.

ಮೂರು ವಾರ ಬಿಟ್ಟು ಬಂದರು. ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಿತ್ತು, ಇಂಜೆಕ್ಷನ್ ಮುಂದಕ್ಕೆ ಹಾಕಿದ್ದರು. "ಅಮ್ಮನಿಗೆ ನಾನೇ ಹೇಳಿದೆ" ಅಂದರು. ಹೆಂಡತಿ ಅವತ್ತು ಪೂರ್ತಿ ಹೊತ್ತು ಅಲ್ಲೇ ಕೂತಿದ್ದರು.