ಅಕ್ರಮ ವಲಸೆ ತಡೆಯಲು ನಮ್ಮ ವಿಧಾನಮಂಡಲವೇ ಕಾನೂನು ಮಾಡಬಹುದೇ?

ಮಾಡಲು ಬರುವುದಿಲ್ಲ. ಪೌರತ್ವ, ವಿದೇಶಿಯರ ಪ್ರವೇಶ, ಗಡೀಪಾರು ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ. ಶಾಸಕರು ಸದನದಲ್ಲಿ ಎಷ್ಟೇ ಚರ್ಚಿಸಿದರೂ ಕಾನೂನು ಸಂಸತ್ತಿನದೇ. ಈಗಿರುವುದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ. ಪತ್ತೆ, ದಾಖಲೆ ತಪಾಸಣೆಯ ಕೆಲಸ ಮಾತ್ರ ರಾಜ್ಯದ ಪೊಲೀಸರ ಮೂಲಕವೂ ನಡೆಯುತ್ತದೆ.

ನನ್ನ ಕಳವಳ ಬೇರೆ. ಮಲೆನಾಡಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನ ಕುಟುಂಬಗಳಿವೆ. ಕೊಯ್ಲಿನ ಹೊತ್ತಿಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುವವರಲ್ಲಿ ಅವರೂ ಇದ್ದಾರೆ. ಬಂಗಾಳಿ ಮಾತನಾಡಿದ ಮಾತ್ರಕ್ಕೆ ಅವರನ್ನು ಬಾಂಗ್ಲಾದೇಶದವರೆಂದು ಬೆರಳು ತೋರುವುದು ಘೋರ ಅನ್ಯಾಯ. ಸಂವಿಧಾನದ 19ನೇ ವಿಧಿಯಂತೆ ಅಸ್ಸಾಮಿನ ಭಾರತೀಯ ಶಿವಮೊಗ್ಗದಲ್ಲೂ ನೆಲೆಸಬಹುದು. ಅನುಮಾನವಿದ್ದರೆ ಠಾಣೆಗೆ ತಿಳಿಸಿ. ಬಾಗಿಲು ತಟ್ಟಿ ಆಧಾರ್ ಕೇಳುವ ಅಧಿಕಾರ ಊರವರಿಗಿಲ್ಲ. ಆಧಾರ್ ಪೌರತ್ವಕ್ಕೆ ಪುರಾವೆಯೂ ಅಲ್ಲ.