ಅಗಲಿದ ಗೆಳತಿಗೆ ಹಾಡು: ಎರಡನೇ ಚರಣದಲ್ಲಿ ನಿಂತುಹೋದ ಒಂದು ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ಮೂವತ್ತರ ಆಸುಪಾಸಿನ ಮಹಿಳೆ. ಕಾಲೇಜಿನಿಂದ ಜೊತೆಗಿದ್ದ ಗೆಳತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಇವರು ಗಿಟಾರ್ ನುಡಿಸುತ್ತಾರೆ, ಹಾಡುತ್ತಾರೆ. ಸ್ಮರಣೆಯ ಸಭೆಗೆ ಒಂದು ಹಾಡು ಕಟ್ಟು ಎಂದು ಸ್ನೇಹಿತರು ಕೇಳಿದ್ದರು. ಒಪ್ಪಿಕೊಂಡಿದ್ದರೂ ಮೊದಲ ಚರಣ ದಾಟಲಾಗಿರಲಿಲ್ಲ. ನಿದ್ದೆ, ಊಟ, ಕೆಲಸ ತಕ್ಕಮಟ್ಟಿಗೆ ನಡೆದಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದ್ದಕ್ಕೆ ಇಲ್ಲವೆಂದರು. ಇದನ್ನು ಕೇಳದೆ ಹಾಡಿನ ಮಾತಿಗೆ ಇಳಿಯಬಾರದು.

ಅವರಿಗೆ ಹೆಚ್ಚು ಚುಚ್ಚಿದ್ದು ಸಂಬಂಧಿಕರೊಬ್ಬರ ಮಾತು: "ನೀನೇನು ಮನೆಯವಳಾ, ಇಷ್ಟು ಹಚ್ಚಿಕೊಳ್ಳೋಕೆ?" ಸ್ನೇಹಿತರ ದುಃಖಕ್ಕೆ ರಜೆ ಸಿಗುವುದು ಕಡಿಮೆ, ಸಾಂತ್ವನವೂ ಕಡಿಮೆ. ಶೋಕದ ಅಧ್ಯಯನಕಾರ ಕೆನೆತ್ ಡೋಕಾ 1989ರಲ್ಲಿ ಬರೆದ, ಸಮಾಜದ ಮಾನ್ಯತೆ ಸಿಗದ ಶೋಕ ಇಂಥದ್ದೇ. ಹೀಗಾಗಿ ಇಡೀ ಸ್ನೇಹಕ್ಕೆ ಸಾಕ್ಷಿ ಹೇಳುವ ಹೊರೆ ಆ ಒಂದು ಹಾಡಿನ ಮೇಲೆ ಬಿದ್ದಿತ್ತು.

ಕರಡಿನಲ್ಲಿ "ಬಾಳು ಬರಿದಾಯಿತು", "ನಿನ್ನ ನೆನಪು ಅಮರ" ಎಂಬಂಥ ಸಾಲುಗಳಿದ್ದವು. ಯಾರು ಸತ್ತರೂ ಹೊಂದುವ ಸಾಲುಗಳವು. ಗೆಳತಿ ಹೇಗೆ ಮಾತಾಡುತ್ತಿದ್ದರು ಎಂದು ಕೇಳಿದಾಗ ಥಟ್ಟನೆ ಬಂತು: "ಎರಡೇ ನಿಮಿಷ, ಬಂದೆ." ಹಾಗಂದರೆ ಅರ್ಧ ಗಂಟೆ ಗ್ಯಾರಂಟಿಯಂತೆ. ಪಲ್ಲವಿ ಅಲ್ಲೇ ಇತ್ತು.

ಎರಡನೇ ಚರಣ ಮಾತ್ರ ಪ್ರತಿ ಕರಡಿನಲ್ಲೂ "ಕ್ಷಮಿಸು" ಎಂದು ತಿರುಗಿ ನಿಂತುಬಿಡುತ್ತಿತ್ತು. ಕೊನೆಯ ಜಗಳ ನಡೆದದ್ದೂ ಗೆಳತಿ ತಡವಾಗಿ ಬರುವ ಅದೇ ಚಾಳಿಗೆ. ಇವರು ಕಾಯದೆ ಹೊರಟುಬಿಟ್ಟಿದ್ದರು. ಎರಡು ವಾರ ಮಾತಿರಲಿಲ್ಲ, ಆಮೇಲೆ ಸಾವಿನ ಸುದ್ದಿ. ಸಭೆಗೆ ಹೇಳಬೇಕಾದದ್ದು, ಗೆಳತಿಗೆ ಮಾತ್ರ ಹೇಳಬೇಕಾದದ್ದು ಎರಡೂ ಒಂದೇ ಹಾಡಿನೊಳಗೆ ತುರುಕಿಕೊಂಡಿದ್ದವು. ಬೇರ್ಪಡಿಸಿ ಎಂಬುದೇ ಮುಖ್ಯ ಸಲಹೆ.

ಮೊದಲು ಗೆಳತಿಗೆ ಪತ್ರ. ಮನಸ್ಸಿನಲ್ಲಿರುವುದನ್ನು ಬರೆದು ಹೊರಹಾಕಲು ಮನೋವಿಜ್ಞಾನಿ ಜೇಮ್ಸ್ ಪೆನ್‌ಬೇಕರ್ 1986ರಿಂದ ಪ್ರಚಾರಕ್ಕೆ ತಂದ ಕ್ರಮದಂತೆ ದಿನಕ್ಕೆ 15ರಿಂದ 20 ನಿಮಿಷ, ಸತತ ನಾಲ್ಕು ದಿನ. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ. ಜಗಳ ಪೂರ್ತಿ ಅಲ್ಲಿ ಬರಲಿ: ನೀವು ಅಂದದ್ದು, ಅವರು ಅಂದದ್ದು, ಅನ್ನದೆ ಉಳಿದದ್ದು. ಬರೆದ ತಕ್ಷಣ ಮನಸ್ಸು ಇನ್ನಷ್ಟು ಕುಗ್ಗುವುದು ಸಾಮಾನ್ಯ, ಆದ್ದರಿಂದ ಮಲಗುವ ಹೊತ್ತಿಗೆ ಬೇಡ. ಮರುದಿನವೂ ಕುಗ್ಗಿಯೇ ಇದ್ದರೆ ನಿಲ್ಲಿಸಿ, ಬಂದು ಮಾತಾಡಿ.

ಆಮೇಲೆ ಹಾಡಿನ ಸಾಮಗ್ರಿ. ಕಂಡದ್ದು, ಕೇಳಿದ್ದು ಮಾತ್ರ, ಇಪ್ಪತ್ತು ವಿವರ ಪಟ್ಟಿ ಮಾಡಿ. ದುಃಖ, ಪ್ರೀತಿ, ನೆನಪು ಎಂಬ ಪದಗಳಿಗೆ ಅಲ್ಲಿ ಪ್ರವೇಶವಿಲ್ಲ. ಮೂರನ್ನು ಆರಿಸಿಕೊಂಡರೆ ಮೂರು ಚರಣ, ಒಂದೊಂದು ನಾಲ್ಕು ಸಾಲು. ಪಲ್ಲವಿಯ ಮಾತು ಪ್ರತಿ ಸಲವೂ ಅದೇ, ಹೇಳುವ ಸಂದರ್ಭ ಬೇರೆ: ಮೊದಲು ಗೆಳತಿ ಫೋನಿನಲ್ಲಿ, ಆಮೇಲೆ ಇವರು ಕಾಯದೆ ಹೊರಟ ದಿನ, ಕೊನೆಗೆ ಇವರದೇ ಬಾಯಲ್ಲಿ. "ಕ್ಷಮಿಸು" ಹೋಗಿ "ಅಂದು ನಾನು ಕಾಯಲಿಲ್ಲ" ಎಂಬ ಒಂದೇ ಸಾಲು ಉಳಿಯಿತು. ಸಭೆಗೆ ಅಷ್ಟು ಸಾಕು. "ನೀನು" ಎಂದು ಶುರುಮಾಡಿದ ಮೇಲೆ ನಡುವೆ "ಅವಳು" ಎಂದು ಜಾರದಂತೆಯೂ ನೋಡಿಕೊಳ್ಳಬೇಕು, ಕೇಳುವವರು ತಬ್ಬಿಬ್ಬಾಗುತ್ತಾರೆ.

ರಾಗ ಕೂರಿಸುವಾಗ ಹೆಚ್ಚಿನವರು ಎಡವುವುದು ಗಂಟಲಿನ ವಿಷಯದಲ್ಲಿ. ಅಳು ಬಂದಾಗ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಮೊದಲು ಕೈಕೊಡುವುದು ಮೇಲಿನ ಸ್ವರ ಮತ್ತು ಉದ್ದಕ್ಕೆ ಎಳೆಯುವ ಸ್ವರ. ಇವರು "ಬಂದೆ" ಎಂಬುದನ್ನು ತಾರ ಷಡ್ಜದಲ್ಲಿ (ಮೇಲಿನ ಸ್ಥಾಯಿಯ 'ಸ') ನಾಲ್ಕು ಬೀಟ್ ಎಳೆದಿದ್ದರು. ಅತಿ ನೋವಿನ ಪದ, ಅತಿ ಎತ್ತರದ ಸ್ವರ, ಅತಿ ಉದ್ದ ಉಸಿರು, ಮೂರೂ ಒಂದೇ ಕಡೆ! ಅದನ್ನು ಮಧ್ಯ ಸ್ಥಾಯಿಗೆ ತಂದು ಒಂದೇ ಬೀಟಿಗೆ ಮುಗಿಸಿ, ಅದಕ್ಕೆ ಮುಂಚೆ ಉಸಿರಿಗೆಂದು ಎರಡು ಬೀಟ್ ಖಾಲಿ ಬಿಡಲಾಯಿತು. ಶ್ರುತಿ ಡಿ (D) ಇಂದ ಸಿ (C) ಗೆ ಇಳಿಯಿತು, ಇಡೀ ಹಾಡು ಒಂದು ಸ್ಥಾಯಿಯೊಳಗೆ ಬಂತು. ವೇಗ ನಿಮಿಷಕ್ಕೆ 70 ಬೀಟ್. ಶೋಕವೆಂದು ಇನ್ನೂ ನಿಧಾನ ಮಾಡಿದರೆ ಉಸಿರು ಸಾಲುವುದಿಲ್ಲ.

ಅಭ್ಯಾಸ ಮೊದಲು ಓದಿ, ಆಮೇಲೆ ಗುನುಗಿ, ಕೊನೆಗೆ ಹಾಡಿ. ಒಮ್ಮೆಗೆ ಮುಕ್ಕಾಲು ಗಂಟೆ ಮೀರಬಾರದು. ಬಳಿಕ ಹಾಡಿಗೆ ಸಂಬಂಧವಿಲ್ಲದ ಕೆಲಸ ಹಿಡಿಯಬೇಕು; ದುಃಖದ ಕಡೆಗೂ ದಿನನಿತ್ಯದ ಕಡೆಗೂ ಮನಸ್ಸು ತೂಗಾಡಬೇಕೆಂದು ಶೋಕದ ಸಂಶೋಧಕರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಧ್ವನಿ ನಿಂತರೆ ಪಲ್ಲವಿ ಎತ್ತಿಕೊಳ್ಳಲು ಇಬ್ಬರು ಸ್ನೇಹಿತರಿಗೆ ಮೊದಲೇ ಕಲಿಸಿರಬೇಕು.

ಸಾಹಿತ್ಯವನ್ನು ಗೆಳತಿಯ ಮನೆಯವರಿಗೆ ಸಭೆಗೆ ಮೊದಲೇ ತೋರಿಸಲು ಹೇಳಲಾಯಿತು. ಒಂದು ಸಾಲು ತೆಗೆಯಿರಿ ಎಂದರು, ಇವರು ತೆಗೆದರು. ಸಭೆಯಲ್ಲಿ ಹಾಡುವ ಒಪ್ಪಿಗೆ ಬೇರೆ, ಆನ್‌ಲೈನ್‌ಗೆ ಹಾಕುವ ಒಪ್ಪಿಗೆ ಬೇರೆ.

ಸಭೆಯಲ್ಲಿ ಧ್ವನಿ ಮೂರನೇ ಪಲ್ಲವಿಯಲ್ಲಿ ಒಡೆಯಿತು, ಸ್ನೇಹಿತರು ಎತ್ತಿಕೊಂಡರು. ಆದರೂ ಸಾವಿಗೆ ಆರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಬರಲು ತಿಳಿಸಲಾಗಿದೆ. ದೀರ್ಘಕಾಲೀನ ಶೋಕ ಎಂಬ ಅಸ್ವಸ್ಥತೆಯನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ–11 ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ–5–ಟಿಆರ್ ವಯಸ್ಕರಲ್ಲಿ 12 ತಿಂಗಳು ಎನ್ನುತ್ತವೆ. ಆ ಹೊತ್ತಿಗೂ ಹಂಬಲ ದಿನವಿಡೀ ಕಾಡಿ ಕೆಲಸ ಕೆಡುತ್ತಿದ್ದರೆ ಬೇಕಾದದ್ದು ಚಿಕಿತ್ಸೆ, ಇನ್ನೊಂದು ಹಾಡಲ್ಲ.